ಚೂರಿನ ಪೊಟ್ಟಣ

ನನ್ನ ಮೈ ಇನ್ನೂ ಗಟ್ಟಿಯಾಗಿದೆ. ಈ ವಯಸ್ಸಿನಲ್ಲಿ ಇಂಥ ಮಾತನ್ನು ಬೇರೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ನಮ್ಮ ಓಣಿಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂತೆಂದರೆ ಮನೆಯವರು ನನ್ನ ಕಡೆ ಕೈ ತೋರಿಸುತ್ತಾರೆ. "ಬಾಯಿ ಕಟ್ಟೋದಂದ್ರ ಈ ಕಾಕಾರಿಂದ ಕಲಿ. ಶುಗರ್ ಬಂದು ಎಷ್ಟ ವರ್ಷ ಆತು, ಹೆಂಗ ಅದಾರ ನೋಡು" ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಮುಂದೆ ಹೋಗುತ್ತೇನೆ. ಅದು ವಿನಯ ಎಂದು ಅವರು ತಿಳಿದುಕೊಂಡಿದ್ದಾರೆ. ವಿನಯವಲ್ಲ ಎಂಬುದನ್ನು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ನಾನು ಗೋಕಾಕದಲ್ಲಿ ಒಂದು ಕರದಂಟಿನ ಅಂಗಡಿಯಲ್ಲಿ ದುಡಿದವನು. ಮೆಟ್ರಿಕ್ ಪಾಸಾದ ಮೇಲೆ, ಬೇರೆ ನೌಕರಿ ಸಿಗುವವರೆಗೆ ಅಂತ ತೂಕ ಮಾಡಲು ಸೇರಿದೆ. ಆಮೇಲೆ ಒಲೆಯ ಮುಂದೆ ಕೂತೆ, ಅಲ್ಲೇ ಕೂದಲು ಬೆಳ್ಳಗಾಯಿತು. ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿಯುವುದು, ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ ಹದ ಮಾಡಿಡುವುದು ಬೇರೆಯವರ ಕೆಲಸ. ಬೆಲ್ಲದ ಪಾಕ ಮಾತ್ರ ನನ್ನದು. ಬೆರಳು ತಣ್ಣೀರಲ್ಲಿ ಅದ್ದಿ, ಪಾಕ ಚಿಟಿಕೆಯಷ್ಟು ತೆಗೆದು, ಉಂಡೆ ಕಟ್ಟುತ್ತದೋ ಇಲ್ಲವೋ ನೋಡಿ, ನಾಲಿಗೆಗೆ ಹಚ್ಚಿ ನೋಡಬೇಕು. ಹದ ಒಂದಿಷ್ಟು ತಪ್ಪಿದರೆ ಕರದಂಟು ಒಂದೋ ಕಲ್ಲಾಗುತ್ತದೆ, ಇಲ್ಲವೋ ಕೈಗೆ ಅಂಟುತ್ತದೆ.

ತಾಟಿನಲ್ಲಿ ಹಾಕಿ ತಟ್ಟಿದ ಕರದಂಟನ್ನು ಚೌಕ ಚೌಕವಾಗಿ ಕತ್ತರಿಸುವಾಗ ಅಂಚು ಉದುರುತ್ತದೆ. ಅದಕ್ಕೆ ಚೂರು ಎನ್ನುತ್ತಿದ್ದೆವು. ಚೂರನ್ನು ಮಾರುತ್ತಿರಲಿಲ್ಲ. ಸಂಜೆ ಆಳುಗಳೆಲ್ಲ ಅದನ್ನು ಕಾಗದದಲ್ಲಿ ಕಟ್ಟಿ ಮನೆಗೆ ಒಯ್ಯಬೇಕು, ಅದು ಅಂಗಡಿಯ ಸಾವಕಾರರ ಅಪ್ಪನ ಕಾಲದಿಂದ ಬಂದ ರೂಢಿ. ನಾನು ದಿನವಿಡೀ ಒಲೆಯ ಮುಂದೆ ನಾಲಿಗೆಗೆ ಹಚ್ಚಿ ನೋಡಿದ್ದು ಸಾಲದು ಅಂತ, ಮನೆಗೆ ಬಂದು ಹೆಂಡತಿಯ ಜೊತೆ ಕೂತು ಆ ಚೂರು ಚಹಾದ ಜೊತೆ ತಿನ್ನುತ್ತಿದ್ದೆ. ಹೊಟ್ಟೆ ಮುಂದೆ ಬಂತು. ಒಲೆಯ ಮುಂದೆ ಕೂತವರಿಗೆಲ್ಲ ಬರುತ್ತದೆ ಎಂದುಕೊಂಡೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನನಗೆ ವಿಪರೀತ ನೀರಡಿಕೆ ಶುರುವಾಯಿತು. ಅಂಗಾಲಲ್ಲಿ ಇರುವೆ ಹರಿದಂತೆ ಆಗುತ್ತಿತ್ತು. ಡಾಕ್ಟರು ರಕ್ತ ನೋಡಿ, "ಕಾಕಾ, ಸಕ್ಕರಿ ಐತಿ ನಿಮಗ. ಎಲ್ಲಿ ಕೆಲಸಾ ಮಾಡತೀರಿ?" ಅಂದರು.

"ಕರದಂಟಿನ ಅಂಗಡ್ಯಾಗ ರಿ."

ಅವರು ನಕ್ಕರು. "ಛಲೋ ಜಾಗಾ ನೋಡಿ ಕುಂತೀರಿ ಬಿಡ್ರಿ."

ಆಮೇಲೆ ನಗು ಬಿಟ್ಟು ಸರಿಯಾಗಿ ಹೇಳಿದರು. ಗುಳಿಗೆ ಇವತ್ತಿಂದ ಶುರು. ಸಿಹಿ ಬಂದ್, ಬೆಲ್ಲವೂ ಸಕ್ಕರೆಯೇ ಎಂದು ತಿಳಿಯಬೇಕು. ಅನ್ನ ಒಂದು ಮುಟಿಗೆ. ಜೋಳದ ರೊಟ್ಟಿ, ಮೆಂತೆ, ಪಾಲಕದಂಥ ತಪ್ಪಲ ಪಲ್ಯ, ಮೊಳಕೆ ಕಾಳು, ಹಸಿ ಸೌತೆಕಾಯಿ, ನೀರು ಮಜ್ಜಿಗೆ. ಮುಂಜಾನೆ ಬೆನ್ನು ಬೆವರುವ ತನಕ ನಡೆಯಬೇಕು. ನಾನು ಏಳುವಾಗ ಕೇಳಿದರು, "ನಿಮ್ಮ ಮನೆತನದಾಗ ಯಾರಿಗಾದ್ರೂ ಇತ್ತೇನು?"

"ನಮ್ಮ ಕಡೆ ಇಲ್ರಿ. ನಮ್ಮ ಹೆಂಡ್ತಿ ತಾಯಿಗಿತ್ತು. ಹುಕ್ಕೇರಿ ಕಡೆ, ಘೋಡಗೇರ್ಯಾಗ ಇದ್ರು. ಕಾಲಿನ ಗಾಯ ಮಾಯಲಿಲ್ಲ, ಅದರಾಗ ಹೋದ್ರು."

"ಅತ್ತಿದು ಅಳಿಯಗ ಬರೂದಿಲ್ಲ ಕಾಕಾ, ಮಗಳಿಗೆ ಬರತೈತಿ. ಮುಂದಿನ ಸಲ ಅವರನ್ನೂ ಕರಕೊಂಡ ಬರ್ರಿ. ಮರೀಬ್ಯಾಡ್ರಿ ಮತ್ತ, ರಕ್ತ ನೋಡೂನು."

"ಆತ್ರಿ" ಅಂದೆ.

ಮುಂದಿನ ಸಲ ಒಬ್ಬನೇ ಹೋದೆ. "ಅವರೆಲ್ಲಿ?" ಅಂದರು. ತವರಿಗೆ ಹೋಗಿದ್ದಾಳೆ ಎಂದೆ. ಅದರ ಮುಂದಿನ ಸಲ ಏನು ಹೇಳಿದೆನೋ ನೆನಪಿಲ್ಲ. ಆಮೇಲೆ ಅವರು ಕೇಳುವುದನ್ನು ಬಿಟ್ಟರು.

ಮರೆತೆ ಎಂದು ಹೇಳಿಕೊಳ್ಳಬಹುದಿತ್ತು. ಬಹಳ ದಿನ ನನಗೆ ನಾನೇ ಹಾಗೆ ಹೇಳಿಕೊಂಡೆ. ಆದರೆ ಮರೆತಿರಲಿಲ್ಲ. ನಮ್ಮ ಬಾಜೂ ಮನೆಯ ಹೆಣ್ಣುಮಗಳು ಅದೇ ಅಂಗಡಿಯಲ್ಲಿ ಉತ್ತತ್ತಿಯ ಬೀಜ ತೆಗೆಯುವ ಕೆಲಸಕ್ಕೆ ಬರುತ್ತಿದ್ದಳು. ನಾವು ಗಂಡ ಹೆಂಡಿರು ಇಬ್ಬರೂ ದವಾಖಾನೆಗೆ ಹೊರಟೆವೆಂದರೆ ಆ ಸುದ್ದಿ ನನಗಿಂತ ಮೊದಲು ಒಲೆಯ ಹತ್ತಿರ ಹೋಗಿ ಕೂತಿರುತ್ತಿತ್ತು. ಪಾಕದವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ಸಾವಕಾರರು ನನ್ನನ್ನು ಒಲೆಯ ಮುಂದೆ ಯಾಕೆ ಕೂಡಿಸುತ್ತಾರೆ? ಇಷ್ಟು ವರ್ಷ ಆ ಒಲೆಯೇ ನನ್ನ ಹೆಸರಾಗಿತ್ತು. ಹೆಂಡತಿಗೆ ನನ್ನ ಕಾಯಿಲೆಯ ವಿಷಯ ಮಾತ್ರ ಹೇಳಿದೆ, ಅವಳು ಅಡಿಗೆ ಮಾಡಬೇಕಲ್ಲ. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿದೆ. ಅವಳ ರಕ್ತ ನೋಡಬೇಕು ಎಂದು ಡಾಕ್ಟರು ಹೇಳಿದ ಮಾತನ್ನು ನುಂಗಿದೆ.

ಇನ್ನೊಂದು ಕಾರಣವೂ ಇತ್ತು. ಅದು ಆಗ ಕಾರಣ ಅನ್ನಿಸಿರಲಿಲ್ಲ, ಅದಕ್ಕೇ ಹೇಳಲು ಹೆಚ್ಚು ಕಷ್ಟ. ಅವಳೂ ರೋಗಿಯಾದರೆ ನನ್ನ ಪಥ್ಯ ಯಾರು ಮಾಡಬೇಕು?

ಪಥ್ಯವನ್ನು ನಾನು ನಿಜವಾಗಿ ಮಾಡಿದೆ. ಪಾಕವನ್ನು ಬೆರಳಲ್ಲೇ ನೋಡುವುದನ್ನು ರೂಢಿಸಿಕೊಂಡೆ, ನಾಲಿಗೆಗೆ ಹಚ್ಚಿದರೂ ಹಿತ್ತಲಿಗೆ ಹೋಗಿ ಉಗುಳಿ ಬರುತ್ತಿದ್ದೆ. ನಮ್ಮ ಸಾವಕಾರರು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. ಒಂದು ದಿನ, "ನಾನೂ ಹಂಗ ಮಾಡಬೇಕಂತ ಮಾಡೇನ್ರಿ, ಮೈ ಭಾರ ಆಗೇತಿ" ಎಂದು ಅವರ ಮುಂದೆ ಹೇಳಿದೆ.

"ಹೊತ್ತ ಮುಳುಗೋದರೊಳಗ ಉಣತೀನಿ ಅಂದ್ರ ನಾ ಹೆಂಗ ಬ್ಯಾಡ ಅನ್ನಲಿ ಕಾಕಾ? ನನಗ ಪಾಪ ಬರತೈತಿ. ಹೋಗಿ ಉಂಡು ಬರ್ರಿ" ಎಂದು ನಕ್ಕು ಕಳಿಸಿದರು.

ಹೀಗೆ ಬಿಸಿಲು ಇರುವಾಗಲೇ ಮನೆಗೆ ಬಂದು ಬಿಸಿ ರೊಟ್ಟಿ, ಮೆಂತೆ ಪಲ್ಯ, ಮೊಳಕೆ ಬಂದ ಮಡಕೆ ಕಾಳು ಉಂಡು ಮತ್ತೆ ಅಂಗಡಿಗೆ ಹೋಗುತ್ತಿದ್ದೆ. ನಸುಕಿನಲ್ಲಿ ಎದ್ದು ಧಬಧಬೆಯ, ಅಂದರೆ ಜಲಪಾತದ ಕಡೆಗಿನ, ರಸ್ತೆ ಹಿಡಿದು ನಡೆಯುತ್ತಿದ್ದೆ. ಓಣಿಯ ನಿವೃತ್ತ ಡ್ರಿಲ್ ಮಾಸ್ತರು ಜೊತೆಗಿರುತ್ತಿದ್ದರು. ಅವರು ಯಾರನ್ನೂ ಸುಮ್ಮನೆ ನಡೆಯಲು ಬಿಡುತ್ತಿರಲಿಲ್ಲ. "ಏ ಕರದಂಟ, ಕೈ ಬೀಸು! ಮದವಿ ಮೆರವಣಿಗ್ಯಾಗ ಹೊಂಟಂಗ ಹೊಂಟೀಯಲ್ಲ" ಎಂದು ಹಿಂದಿನಿಂದ ಕೂಗುವರು. ಮಳೆಗಾಲದಲ್ಲಿ ಹೊಳೆಯ ತುಂತುರು ಮುಖಕ್ಕೆ ಬಡಿಯುತ್ತಿತ್ತು. ತಿರುಗಿ ಬಂದು ಅಂಗಳದಲ್ಲಿ ಸೂರ್ಯನಮಸ್ಕಾರ ಹಾಕುತ್ತಿದ್ದೆ. ವರ್ಷ ತುಂಬುವುದರೊಳಗೆ ಹೊಟ್ಟೆ ಇಳಿಯಿತು, ಪಾದದ ಜೋಮು ಹೋಯಿತು. ಹಳೆಯ ಅಂಗಿಗಳು ಜೋಲಾಡಿದವು. ನನ್ನ ಮೈಯನ್ನು ನಾನೇ ಕನ್ನಡಿಯಲ್ಲಿ ನೋಡಿಕೊಳ್ಳುವ ಹುಚ್ಚು ಹಿಡಿಯಿತು.

ಅದೇ ಹೊತ್ತಿನಲ್ಲಿ ಹೆಂಡತಿಯೂ ಇಳಿಯುತ್ತಿದ್ದಳು. ಬಳೆ ಮೊಣಕೈ ತನಕ ಜಾರುತ್ತಿದ್ದವು.

"ಯಾಕೋ ಕೈಕಾಲಾಗ ಶಕ್ತಿನ ಇಲ್ಲದಂಗ ಆಗೇತ್ರಿ" ಎಂದು ಒಮ್ಮೆ ಹೇಳಿದಳು. ಆಗ ನನ್ನ ಕೈಯಲ್ಲಿ ಅವತ್ತಿನ ಚೂರಿನ ಪೊಟ್ಟಣ ಇತ್ತು. ಹೌದು, ಚೂರು ಮನೆಗೆ ಬರುವುದು ನಿಂತಿರಲಿಲ್ಲ. ಎಲ್ಲ ಆಳುಗಳೂ ಒಯ್ಯುವಾಗ ನಾನೊಬ್ಬ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಏನು ಹೇಳಲಿ? ಅದಕ್ಕೆ ದಿನಾ ಕಟ್ಟಿಕೊಂಡು ಬರುತ್ತಿದ್ದೆ. ನಾನಂತೂ ತಿನ್ನುವಂತಿಲ್ಲ. ದಾರಿಯಲ್ಲಿ ಯಾರಿಗಾದರೂ ಕೊಡಬಹುದಿತ್ತು. ಅದನ್ನೂ ಮಾಡಲಿಲ್ಲ, ಕೊಟ್ಟಿದ್ದನ್ನು ಯಾರಾದರೂ ನೋಡಿ ಅಂಗಡಿಯಲ್ಲಿ ಹೇಳಿಯಾರು ಎಂಬ ಅಂಜಿಕೆ.

"ಏನ ಮಾಡ್ಲಿ ಇದನ್ನ? ನಿಮಗಂತೂ ನಡಿಯೂದಿಲ್ಲ" ಅಂದಳು.

"ತಿನ್ನು. ಬಾಣಂತ್ಯಾರ ಇದನ್ನ ತಿಂದು ಎದ್ದು ಓಡ್ಯಾಡತಾರ, ನಿನಗ ಶಕ್ತಿ ಬರೂದಿಲ್ಲೇನು? ಸೊರಗಿ ಕಡ್ಡಿ ಆಗೀದಿ" ಅಂದೆ.

ನಾನು ಹೇಳಿದ್ದನ್ನು ಅವಳು ಮಾಡಿದಳು. ನಮ್ಮ ಕಡೆ ಹೆರಿಗೆಯಾದವರಿಗೆ, ಜ್ವರ ಬಿಟ್ಟವರಿಗೆ, ತಾಲೀಮು ಮಾಡುವ ಹುಡುಗರಿಗೆ ಕರದಂಟೇ ಕೊಡುವುದು. ಶಕ್ತಿಗೆ ಅದಕ್ಕಿಂತ ಮಿಗಿಲಾದದ್ದು ಇದೆ ಎಂದು ಗೋಕಾಕದಲ್ಲಿ ಹುಟ್ಟಿದವರು ಯಾರೂ ನಂಬುವುದಿಲ್ಲ. ನನಗೆ ರೊಟ್ಟಿ ಬಡಿದು ಹಾಕಿ, ನಾನು ಅಂಗಡಿಗೆ ತಿರುಗಿ ಹೋದ ಮೇಲೆ, ಉಳಿದ ಅನ್ನ ಉಂಡು, ಮೇಲೆ ಚೂರು ತಿಂದು, ಚಹಾ ಕುಡಿಯುತ್ತಿದ್ದಳಂತೆ. ದಿನ ಕಳೆದಂತೆ ಇನ್ನೂ ಸೊರಗಿದಳು. ಇನ್ನೂ ಸೊರಗಿದಳೆಂದು ನಾನು ಪೊಟ್ಟಣ ದೊಡ್ಡದು ಮಾಡಿಕೊಂಡು ಬಂದೆ.

ಇದರ ನಡುವೆ ಒಂದು ಸಂಜೆ ರೊಟ್ಟಿಯಲ್ಲಿ ಹರಳು ಸಿಕ್ಕಿತು. ಹಲ್ಲು ಕಡಿದಂತಾಗಿ ಉಗುಳಿದೆ. ಎರಡು ದಿನ ಬಿಟ್ಟು ಮತ್ತೆ ಸಿಕ್ಕಿತು.

"ಜ್ವಾಳಾ ಹಸನ ಮಾಡೂಮುಂದ ಕಣ್ಣ ಎಲ್ಲಿ ಇಟ್ಟಿರತಿ? ಡಾಕ್ಟರ ರೊಟ್ಟಿ ತಿನ್ನ ಅಂದಾರ, ಕಲ್ಲ ತಿನ್ನ ಅಂದಿಲ್ಲ" ಎಂದು ತಾಟು ಸರಿಸಿದೆ.

"ಈ ಸಲದ ಜ್ವಾಳಾನ ಹಂಗದಾವ್ರಿ, ಮಣ್ಣಗೂಡ್ಯಾವ" ಎಂದು ನಕ್ಕಳು. "ಕಲ್ಲ ತಿಂದ್ರೂ ಕರಗಿಸೂ ಹಂಗ ಆಗೀರಲ್ಲ ಈಗ, ತಿನ್ರಿ."

ನಾನೂ ನಕ್ಕೆ. ಮರುದಿನದಿಂದ ಅವಳು ಜೋಳದ ಮೊರವನ್ನು ಅಂಗಳಕ್ಕೆ ತಂದು ಬಿಸಿಲಲ್ಲಿ ಕೂತು ಹಸನು ಮಾಡತೊಡಗಿದಳು. ನಾನು ನಡೆದು ಬಂದು ನಮಸ್ಕಾರ ಹಾಕುವ ಹೊತ್ತಿಗೆ ಅವಳು ಮೊರವನ್ನು ಮುಖಕ್ಕೆ ಮುಟ್ಟುವಷ್ಟು ಹತ್ತಿರ ಹಿಡಿದು, ಬೆರಳಲ್ಲಿ ಕಾಳುಗಳನ್ನು ತಡಕುತ್ತಿದ್ದಳು. ಅದನ್ನು ಎಷ್ಟೋ ದಿನ ನೋಡಿದೆ. ಉಸಿರು ಎಣಿಸುತ್ತ, ಬಗ್ಗುತ್ತ, ಏಳುತ್ತ ನೋಡಿದೆ.

ಮಗಳನ್ನು ಮೂಡಲಗಿಗೆ ಕೊಟ್ಟಿದ್ದೆವು. ನಾಗರ ಪಂಚಮಿಗೆ ಬಂದಳು. ಉಂಡಿ ಕಟ್ಟಲು ಅವ್ವನ ಜೊತೆ ಕೂತವಳು ಅರ್ಧಕ್ಕೇ ಎದ್ದು ನನ್ನ ಹತ್ತಿರ ಬಂದಳು.

"ಅಪ್ಪಾ, ಅವ್ವಗ ಎಳ್ಳಿನ ಡಬ್ಬಿ ಯಾವುದು, ಗಸಗಸಿ ಡಬ್ಬಿ ಯಾವುದು ತಿಳೀವಲ್ದು. ಮೂಸಿ ನೋಡಾಕತ್ತಾಳ. ಮತ್ತ ಆಗಿಂದ ಎಷ್ಟ ನೀರ ಕುಡಿಯಾಕತ್ತಾಳ ನೋಡೀಯೇನು?"

"ವಯಸ್ಸಾತಲ್ಲ" ಅಂದೆ.

"ನಿನಗ ಆಗಿಲ್ಲೇನು ವಯಸ್ಸು?" ಎಂದು ಅವಳು ಸೆರಗು ಸಿಕ್ಕಿಸಿ, ಅವ್ವನಿಗೆ ಚಪ್ಪಲಿ ಹಾಕಿಸಿದಳು. ಹಬ್ಬ ಮುಗಿಯಲಿ ಎಂದೆ. ಕೇಳಲಿಲ್ಲ.

ಅದೇ ಡಾಕ್ಟರು. ಹೆಂಡತಿಯ ರಕ್ತ ತೆಗೆದು ಅವಳನ್ನು ಒಳಗಿನ ಕೋಣೆಯಲ್ಲೇ ಕೂಡಿಸಿದ್ದರು. ಡಾಕ್ಟರು ಪರೀಕ್ಷೆಯ ಕಾಗದ ನೋಡಿ ಕೆಳಗಿಟ್ಟರು. ಆಮೇಲೆ ನನ್ನನ್ನು ನೋಡಿದರು.

"ಕಾಕಾ, ನಿಮ್ಮ ಸಕ್ಕರಿ ಹಿಡಿದ ದಿನಾನ ನಾ ಹೇಳಿದ್ನಲ್ಲ, ಇವರನ್ನ ಕರಕೊಂಡ ಬರ್ರಿ ಅಂತ? ಎಷ್ಟ ಸಲ ಕೇಳೇನಿ. ಎಲ್ಲಿದ್ರಿ ಇಷ್ಟ ದಿನಾ?"

ಮಗಳು ನನ್ನ ಬಾಜೂ ಕೂತಿದ್ದಳು. ಅವಳ ಕಡೆ ತಿರುಗದಿದ್ದರೂ ಅವಳು ನನ್ನನ್ನೇ ನೋಡುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ನಾನು ಟೇಬಲ್ಲಿನ ಮೇಲಿನ ಗಾಜಿನ ಗುಂಡು ನೋಡುತ್ತ ಕೂತೆ.

ಹೊರಗೆ ಬಂದ ಮೇಲೆ, ಅವ್ವನನ್ನು ಬೇವಿನ ಗಿಡದ ಕೆಳಗೆ ಕೂಡಿಸಿ, ಮಗಳು ಹೇಳಿದಳು, "ನಾ ಅವ್ವನ ಮುಂದ ಹೇಳೂದಿಲ್ಲ. ನೀನ ಹೇಳಬೇಕು." ಅಷ್ಟೇ. ಬೈಯಲಿಲ್ಲ. ಮೂಡಲಗಿಯ ಬಸ್ಸು ಹತ್ತುವಾಗ ಪ್ರತಿ ಸಲ ನನ್ನ ಕಾಲು ಮುಟ್ಟಿ ಹೋಗುವವಳು ಆ ಸಲ ಬಸ್ಸಿನ ಕಿಟಕಿಯಿಂದ ಅವ್ವನಿಗೊಬ್ಬಳಿಗೆ ಕೈ ಬೀಸಿದಳು.

ಬೆಳಗಾವಿಯ ಕಣ್ಣಿನ ದವಾಖಾನೆಗೆ ಹೋದೆವು. ಕಣ್ಣಿನ ಒಳಗಿನ ಸಣ್ಣ ನರಗಳಲ್ಲಿ ರಕ್ತ ಸೋರಿದೆ ಎಂದರು. ಸೋರುವ ಜಾಗವನ್ನು ಲೇಸರ್ ಬೆಳಕು ಬಿಟ್ಟು ಸುಟ್ಟರು. ಎಡಗಣ್ಣು ಹೋಯಿತು. ಬಲಗಣ್ಣಲ್ಲಿ ಬೆಳಕು, ನೆರಳು, ಅಲ್ಲಾಡುವ ಆಕಾರ ಉಳಿದವು. ಮೊದಲೇ ಬಂದಿದ್ದರೆ ಎಂದು ಆ ಡಾಕ್ಟರೂ ಶುರು ಮಾಡಿದರು. ಆ ಮಾತು ಪೂರ್ತಿ ಕೇಳಲಾಗದೆ ನಾನು ನೀರು ಕುಡಿಯುವ ನೆಪ ಮಾಡಿ ಎದ್ದು ಹೋದೆ.

ಅಂಗಡಿಗೆ ಹೋಗಿ ಸಾವಕಾರರ ಮುಂದೆ ನಿಂತೆ. ನನಗೆ ಸಕ್ಕರೆ ಇದೆ, ಇಷ್ಟು ದಿನ ಮುಚ್ಚಿಟ್ಟೆ, ಇನ್ನು ಒಲೆಯ ಮುಂದೆ ಕೂಡುವುದಿಲ್ಲ ಎಂದೆ. ಅವರು ತಕ್ಕಡಿ ಒರೆಸುತ್ತಿದ್ದವರು ನಿಲ್ಲಿಸಿದರು.

"ಇದಕ್ಕ ಅಂಜಿದ್ರೇನು? ನಮ್ಮ ಆಯಿಗೂ ಇತ್ತಲ್ಲ ಕಾಕಾ. ಹೇಳಿದ್ರ ಪಾಕಾ ಇನ್ನೊಬ್ಬಗ ಕಲಿಸ್ರಿ ಅಂತಿದ್ನಿ, ರೊಕ್ಕ ಎಣಸಾಕ ಗಲ್ಲೇದ ಮ್ಯಾಲ ಕೂಡಸ್ತಿದ್ನಿ. ಬಿಡಸ್ತಿದ್ನೇನು ನಿಮ್ಮನ್ನ?"

ಅವರು ಸಮಾಧಾನಕ್ಕೆ ಹೇಳಿದ ಮಾತು. ನನಗೆ ಅದಕ್ಕಿಂತ ಕೆಟ್ಟದ್ದನ್ನು ಯಾರೂ ಹೇಳಿಲ್ಲ. ಬಿಡಿಸಿಬಿಡುತ್ತಿದ್ದೆ ಎಂದಿದ್ದರೆ ನನ್ನ ಅಂಜಿಕೆಗಾದರೂ ಒಂದು ನೆಲೆ ಇರುತ್ತಿತ್ತು.

ಕೆಲಸ ಬಿಟ್ಟೆ. ಅಡಿಗೆ ನನ್ನ ಪಾಲಿಗೆ ಬಂತು. ಕಟ್ಟಿಗೆಯ ಪರಾತದಲ್ಲಿ ರೊಟ್ಟಿ ಬಡಿಯುವುದನ್ನು ಕಲಿತೆ. ಪಾಕದ ಹದ ಗೊತ್ತಿದ್ದ ಕೈಗೆ ಹಿಟ್ಟಿನ ಹದ ಬರಲಿಲ್ಲ, ಅಂಚು ಒಡೆಯುವುದು, ಎತ್ತಿ ಹಂಚಿಗೆ ಹಾಕುವಾಗ ನಡುವೆ ಹರಿಯುವುದು. ಹೆಂಡತಿ ಗೋಡೆಗೆ ಒರಗಿ ಕೂತು ಸಪ್ಪಳದ ಮೇಲೆಯೇ ತಪ್ಪು ಹೇಳುತ್ತಿದ್ದಳು. "ಅಂಗೈ ತುಂಬ ಬಡೀರಿ, ಬೆರಳಲೆ ಅಲ್ಲ. ಕದಾ ಬಡದಂಗ ಕೇಳಸಾಕತ್ತೈತಿ." ಡ್ರಿಲ್ ಮಾಸ್ತರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಏ ಕರದಂಟ, ಮುಪ್ಪಿನ ಕಾಲಕ್ಕ ಖಾನಾವಳಿ ತಗಿಯಾಂವೇನು?" ಅಂದರು. ಅವಳು ನಕ್ಕಳು. ಇವಳು ನಗುತ್ತಿರುವಾಗ ಯಾಕೆ ಹೇಳಬೇಕು ಎಂದುಕೊಂಡು ಮಗಳು ಹೇಳೆಂದಿದ್ದ ಮಾತನ್ನು ನಾನು ಮತ್ತೆ ಮುಂದೆ ಹಾಕಿದೆ. ಹಾಗೆ ಮುಂದೆ ಹಾಕುತ್ತ ಮತ್ತೊಂದು ಪಂಚಮಿ ಬಂತು. ಮಗಳು ಬರಲಿಲ್ಲ. ಮನೆಯಲ್ಲಿ ಕೆಲಸ ಇದೆ ಎಂದು ಹೇಳಿ ಕಳಿಸಿದಳು.

"ಯಾಕ ಬರಲಿಲ್ಲೋ ನನ್ನ ಮಗಳು" ಎಂದು ಹೆಂಡತಿ ಅವತ್ತು ಮೂರು ನಾಲ್ಕು ಸಲ ಅಂದಳು. ನಾನು ಹಿಟ್ಟು ನಾದುತ್ತಿದ್ದೆ. ಕೈ ನಿಲ್ಲಿಸಿ ಹೇಳಿದೆ. ಡಾಕ್ಟರು ಮೊದಲ ದಿನವೇ ಹೇಳಿದ್ದು, ನಾನು ಸುಳ್ಳು ಹೇಳಿದ್ದು, ಒಲೆಯ ಜಾಗ, ಬಾಜೂ ಮನೆಯವಳು, ರೊಟ್ಟಿ ಯಾರು ಮಾಡಬೇಕು ಎಂದು ಯೋಚಿಸಿದ್ದು, ಗೊತ್ತಿದ್ದೂ ಚೂರು ತಿನ್ನು ಎಂದದ್ದು, ಎಲ್ಲ. ಮುಚ್ಚಿಟ್ಟುಕೊಂಡಿದ್ದು ಬಹಳ ದಿನ, ಹೇಳಿ ಮುಗಿಸಲು ಬೇಕಾದ ಹೊತ್ತು ಸ್ವಲ್ಪ.

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ನೀವು ಬಿಟ್ರಲ್ಲ ಸಿಹಿ" ಅಂದಳು.

"ಹೂಂ."

"ಹೇಳಿದ್ರ ನಾನೂ ಬಿಡತಿದ್ನಿ. ನಿಮಗ ಬಿಡಾಕ ಬಂತು, ನನಗ ಬರತಿದ್ದಿಲ್ಲೇನು? ನಾ ಏನ ಚೂರಿಗೆ ಆಸೆ ಬಿದ್ದಿದ್ನೇನ್ರಿ? ನೀವು ಶಕ್ತಿ ಬರತೈತಿ ಅಂದ್ರಿ ಅಂತ ತಿಂದ್ನಿ. ಒಮ್ಮೊಮ್ಮೆ ಒಲ್ಲೆನಿಸಿದ್ರೂ ತಿಂದ್ನಿ."

ಅವತ್ತು ನಾನು ಮಾಡಿದ ರೊಟ್ಟಿಯನ್ನು ಅವಳು ಮುಟ್ಟಲಿಲ್ಲ. ಗುಳಿಗೆ ತಗೊಂಡು ಹಾಗೇ ಇರಬಾರದು, ಒಂದು ತುತ್ತಾದರೂ ಉಣ್ಣು ಎಂದು ಕೈ ಮುಗಿದೆ. ಕೈ ಮುಗಿದದ್ದು ಅವಳಿಗೆ ಕಾಣುವುದಿಲ್ಲ ಎಂದು ಆಮೇಲೆ ತಿಳಿಯಿತು. ಕೊನೆಗೆ ಎದ್ದು, ಗೋಡೆ ಹಿಡಿದು ಅಡಿಗೆ ಮನೆಗೆ ಹೋಗಿ, ತಾನೇ ತಡಕಿ ಮಜ್ಜಿಗೆ ಹಾಕಿಕೊಂಡು ಕುಡಿದಳು.

ಅವಳಿಗೂ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಕಣ್ಣು ಹೋದ ಮೇಲೆ ನಾನು ದಿನಾ ಕೈ ಹಿಡಿದು ಓಣಿಯ ಕೊನೆಯ ತನಕ ನಡೆಸಿಕೊಂಡು ಬರುತ್ತಿದ್ದೆ. ಮರುದಿನ ಮುಂಜಾನೆ ಕರೆಯಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದೆ. ಒಳಗಿಂದ ಅವಳೇ ಬಂದಳು. ಸೀರೆ ಸರಿ ಮಾಡಿಕೊಂಡು, ಕಾಲಲ್ಲಿ ಚಪ್ಪಲಿ ಹುಡುಕಿ ಹಾಕಿಕೊಂಡಳು. ನಾನು ಕೈ ಮುಂದೆ ಮಾಡಿ ಅವಳ ಮಣಿಕಟ್ಟು ಹಿಡಿದೆ. ಅವಳು ಬಿಡಿಸಿಕೊಂಡಳು, ಕೊಸರಲಿಲ್ಲ, ಬಳೆ ತೆಗೆಯುವಷ್ಟೇ ಮೆಲ್ಲಗೆ.

"ನೀವು ಮುಂದ ನಡೀರಿ. ಚಪ್ಪಲಿ ಎಳಕೋಂತ ನಡೀರಿ. ಸಪ್ಪಳಾ ಕೇಳಿ ಬರತೀನಿ."

ಅವತ್ತಿನಿಂದ ಹಾಗೇ ನಡೆಯುತ್ತೇವೆ. ಧಬಧಬೆಯ ರಸ್ತೆಗೆ ನಾನು ಮತ್ತೆ ಹೋಗಿಲ್ಲ. ಮಗಳು ಈಗ ಹಬ್ಬಕ್ಕೆ ಬರುತ್ತಾಳೆ, ಅವ್ವನ ಹಿಂದೆ ಹಿಂದೆ ಅವಳೂ ನಡೆಯುತ್ತಾಳೆ. ಓಣಿಯ ಜನ ನೋಡಿ, ಈ ವಯಸ್ಸಿನಲ್ಲೂ ಇಬ್ಬರೂ ಒಂದು ದಿನ ತಪ್ಪಿಸುವುದಿಲ್ಲ ಎನ್ನುತ್ತಾರೆ. ನಾನು ಯಾರಿಗೂ ಉತ್ತರ ಕೊಡಲು ನಿಲ್ಲುವುದಿಲ್ಲ, ನಿಂತರೆ ಸಪ್ಪಳ ನಿಲ್ಲುತ್ತದೆ. ಕಲ್ಲು ಬಂದಲ್ಲಿ "ಕಲ್ಲೈತಿ" ಎನ್ನುತ್ತೇನೆ, ಗಟಾರು ಬಂದಲ್ಲಿ "ಗಟಾರ ಐತಿ" ಎನ್ನುತ್ತೇನೆ. ಹಿಂದಿನಿಂದ "ಹೂಂ" ಬರುವ ತನಕ ಮುಂದಿನ ಹೆಜ್ಜೆ ಇಡುವುದಿಲ್ಲ.